ಝಯಾನ್ ನ್ಯಾಷನಲ್ ಪಾರ್ಕ್‌ಗೆ (ಅಮೆರಿಕದ ಯೂಟಾ ರಾಜ್ಯ) ಶನಿವಾರ ಹೊರಡೋರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಲಾಸ್ ವೇಗಸ್‌ನಿಂದ ಬೆಳಗಿನ ಜಾವ 4ಕ್ಕೇ ಬಿಡೋಣ. ಯೂಟಾದ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಮರೀಬೇಡಿ. ತಡ ಮಾಡಿದ್ರೆ ವಿಸಿಟರ್ ಸೆಂಟರ್ ಪಾರ್ಕಿಂಗ್ ತುಂಬಿಹೋಗುತ್ತೆ. ಕಣಿವೆಯೊಳಗೆ ನಮ್ಮ ಕಾರು ಬಿಡಲ್ಲ, ಉಚಿತ ಶಟಲ್ ಬಸ್ಸೇ ಗತಿ.

ಅಪ್ಪ-ಅಮ್ಮಂದಿರನ್ನ ಕರ್ಕೊಂಡು ಬರೋರು ಕೊನೇ ಸ್ಟಾಪ್ 9ರಲ್ಲಿ ಇಳಿದು ನದಿ ಪಕ್ಕದ ಕಾಲುದಾರಿ ‘ರಿವರ್‌ಸೈಡ್ ವಾಕ್’ ಮಾಡಿಸಿ. ಹೋಗಿಬರೋದು ಸೇರಿ 2.2 ಮೈಲಿ, ಏರು ಹೆಚ್ಚಿಲ್ಲ, ಪಕ್ಕದ ಬಂಡೆಯಿಂದ ನೀರು ಜಿನುಗ್ತಾ ಇರುತ್ತೆ. ಆ ದಾರಿ ಮುಗಿಯೋ ಕಡೆ ನ್ಯಾರೋಸ್ ಅನ್ನೋ ಇಕ್ಕಟ್ಟಾದ ಕಣಿವೆ ಶುರು, ಅಲ್ಲಿಂದ ನದಿಯೊಳಗೇ ನಡಿಗೆ. ಹೊರಡೋ ಮುಂಚೆ ಪ್ರವಾಹದ ಮುನ್ಸೂಚನೆ ನೋಡಲೇಬೇಕು. ತಲೆ ಮೇಲೆ ಸುಡುಬಿಸಿಲಿದ್ರೂ ಎಲ್ಲೋ ದೂರದ ಮಳೆಗೆ ನೀರು ನುಗ್ಗುತ್ತೆ. ನೀರು ಕೆಸರಾಗಿ ಕಡ್ಡಿ-ಕಸ ತೇಲಿ ಬಂತೋ, ಫೋಟೊ ಗೀಟೊ ಬಿಟ್ಟು ಎತ್ತರಕ್ಕೆ ಹತ್ತಿ.

ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಕಡಿದಾದ ಬಂಡೆ ತುದಿಗೆ ಹತ್ತೋಕೆ 2022ರಿಂದ ಪರ್ಮಿಟ್ ಕಡ್ಡಾಯ, ಅದನ್ನ ಲಾಟರಿಯಲ್ಲಿ ಕೊಡ್ತಾರೆ. ಲಾಟರಿ ಹತ್ತದವರು ಅದೇ ದಾರಿಯಲ್ಲಿ ಸಿಗೋ ಸ್ಕೌಟ್ ಲುಕೌಟ್ ಅನ್ನೋ ಜಾಗದವರೆಗೆ ಹೋಗಿ ಬನ್ನಿ. ನನ್ನ ಕೇಳಿದ್ರೆ ಅದೇ ಸಾಕು, ಅಲ್ಲಿಂದ ಮುಂದೆ ಬಂಡೆಗೆ ಹಾಕಿರೋ ಸರಪಳಿ ಹಿಡ್ಕೊಂಡು ನಡೆಯೋ ಧೈರ್ಯ ನನಗಂತೂ ಇಲ್ಲ.

ತಲಾ 3 ಲೀಟರ್ ನೀರು ತನ್ನಿ, ನದಿ ನೀರು ಕುಡಿಯಬೇಡಿ. ಅಳಿಲಿಗೆ ಏನೂ ಹಾಕಬೇಡಿ. ಹೋದ ಸಲ ಒಂದು ನನ್ನ ಬ್ಯಾಗಿನ ಮೂಲೆ ಕಡಿದು ಚಕ್ಕುಲಿ ಎಳ್ಕೊಂಡು ಹೋಯ್ತು!

ಯಾರ ಕಾರಲ್ಲಿ ಎಷ್ಟು ಸೀಟ್ ಖಾಲಿ ಇದೆ, ಇವತ್ತು ರಾತ್ರಿಯೊಳಗೆ ಇಲ್ಲೇ ಹಾಕಿ.