ಸಾವ್ಕಾರನಿಗೊಂದು ಪತ್ರ: ನಮ್ಮ ಓಣಿಯ ಬೆಕ್ಕಿನ ಸುದ್ದಿ

ಪ್ರೀತಿಯ ಸಾವ್ಕಾರ,

ಪುಣೆಯಲ್ಲಿ ಎಲ್ಲರೂ ಆರಾಮ ಅಂತ ತಿಳಿದಿದ್ದೇನೆ. ಫೋನ್ ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ. ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳು ಬರುತ್ತದೆ. ಅದಕ್ಕೇ ಈ ಸಲ ಇಲ್ಲಿ, ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೂ ಓದಲಿ. ಆದರೆ ನಮ್ಮ ವಿಜಯಪುರದ ಉಪ್ಪಲಿ ಬುರ್ಜಿನ ಛತ್ರಿಯ ವಿಷಯ ಯಾರೂ ಎತ್ತಬಾರದು. ಅದು ನಮ್ಮಿಬ್ಬರದು.

ಈಗ ಬೆಕ್ಕಿನ ಸುದ್ದಿ ಕೇಳು.

ಜುಮ್ಮಾ ಮಸೀದಿಯ ಹಿಂದಿನ ನಮ್ಮ ಓಣಿ ನಿನಗೆ ಗೊತ್ತೇ ಇದೆ. ಮೊದಲು ಮಾಳಿಗೆಗೆ ಮಾಳಿಗೆ ಹತ್ತಿಕೊಂಡಿತ್ತು. ನಾವು ಗಾಳಿಪಟ ಹಿಡಿದು ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಓಡುತ್ತಿದ್ದೆವಲ್ಲ, ಬೆಕ್ಕುಗಳೂ ಹಾಗೇ ತಿರುಗುತ್ತಿದ್ದವು. ಬೆಳಕಿಂಡಿಯಿಂದ ಇಣುಕಿ, ಒಳಗೆ ಹಾಲು ಕಾಯುತ್ತಿದೆಯೋ ಇಲ್ಲವೋ ನೋಡಿಕೊಂಡು ಮುಂದೆ ಹೋಗುತ್ತಿದ್ದವು. ಈಗ ನಡುನಡುವೆ ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿದ್ದಾರೆ. ಒಂದು ಮನೆ ಮೂರಂತಸ್ತು, ಪಕ್ಕದ್ದು ಇನ್ನೂ ಮಣ್ಣಿನ ಮಾಳಿಗೆ. ಮೇಲಿನ ದಾರಿ ಕಡಿದುಹೋಗಿದೆ. ಬೆಕ್ಕುಗಳು ಕೆಳಗಿಳಿದು ಬೈಕುಗಳ ನಡುವೆ ಓಣಿ ದಾಟಬೇಕು. ರಾತ್ರಿ ದಾಟಲಾಗದೆ ಸತ್ತವನ್ನು ಬೆಳಿಗ್ಗೆ ಕಸದ ಗಾಡಿಯವರು ಒಯ್ಯುತ್ತಾರೆ.

ಅವುಗಳಲ್ಲಿ ಒಂದು ಮೂರು ಬಣ್ಣದ್ದು. ಬಿಳಿ, ಕಪ್ಪು, ಕೇಸರಿ. ಮೂರು ಬಣ್ಣದ ಬೆಕ್ಕು ಅಂದರೆ ಹೆಚ್ಚುಕಡಿಮೆ ಹೆಣ್ಣೇ ಇರುತ್ತದೆ, ಗಂಡು ಹುಟ್ಟುವುದು ಬಹಳ ಅಪರೂಪ. ಎದುರು ಮನೆ ಚಾಚಿ ಇದನ್ನು ರಾಣಿ ಅನ್ನುತ್ತಾರೆ. ಮೂಲೆಯ ಕಿರಾಣಿ ಅಂಗಡಿಯಲ್ಲಿ ಇದರ ಹೆಸರು ಮಾಲಕಿ. ನಮಗೆ ಇಂಗ್ಲಿಷ್ ಕಲಿಸಿದ ಟೀಚರ್ ಅಜ್ಜಿ ಪುಟ್ಟವ್ವ ಅಂತ ಕರೆಯುತ್ತಾರೆ. ನಮ್ಮವ್ವನಿಗೆ ಅದು ಬರೀ ಬೆಕ್ಕು. ಯಾವ ಹೆಸರಿಗೂ ಅದು ತಿರುಗಿ ನೋಡುವುದಿಲ್ಲ, ತಾಟಿನ ಸಪ್ಪಳಕ್ಕೆ ಮಾತ್ರ ಬರುತ್ತದೆ. ಯಾರ ಮನೆಯಲ್ಲೂ ಮಲಗುವುದಿಲ್ಲ. ಯಾರ ಕೈಗೂ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಹಾಲು, ರೊಟ್ಟಿ, ಅನ್ನ ಹಾಕುತ್ತಿದ್ದೆವು. ಆಮೇಲೆ ಓದಿ ತಿಳಿದುಕೊಂಡೆ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಮಾಂಸದಲ್ಲಿ ಟಾರಿನ್ ಅಂತ ಒಂದು ಅಂಶ ಇರುತ್ತದೆ, ಅದು ಕಡಿಮೆಯಾದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೂ ಇಲ್ಲ. ಹಾಗಾಗಿ ನಾನು ಕಾಳಿನಂಥ ಬೆಕ್ಕಿನ ಆಹಾರ ತರುತ್ತೇನೆ. ಅವ್ವ ಆ ಪ್ಯಾಕೆಟ್ಟನ್ನು ಅಡುಗೆಮನೆ ಹೊಸ್ತಿಲು ದಾಟಲು ಬಿಡುವುದಿಲ್ಲ. ಅದು ಪಡಸಾಲೆಯಲ್ಲಿ, ನನ್ನ ಚಪ್ಪಲಿ ಸ್ಟ್ಯಾಂಡಿನ ಮೇಲಿದೆ.

ಇವು ನಮ್ಮ ಜೊತೆ ಹೇಗೆ ಬಂದವು ಅಂತ ಈಚೆಗೆ ಜಾಸ್ತಿ ಯೋಚಿಸುತ್ತೇನೆ. ಮನೆ ಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಕಾಣುವ ಉದ್ದ ಕಾಲಿನ ಕಾಡುಬೆಕ್ಕು ಬೇರೆ ಜಾತಿ. ಮನುಷ್ಯ ಕಾಳು ಬೆಳೆದು ಕೂಡಿಡಲು ಶುರು ಮಾಡಿದ, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಯಾರೂ ಕರೆದು ತಂದದ್ದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದಿನ ಒಂದು ಗೋರಿ ಸಿಕ್ಕಿದೆ. ಮನುಷ್ಯನ ಪಕ್ಕದಲ್ಲೇ, ಒಂದು ಮೊಳದಷ್ಟು ದೂರದಲ್ಲಿ, ಬೆಕ್ಕನ್ನೂ ಮಣ್ಣು ಮಾಡಿದ್ದಾರೆ. ಎಂಟು ತಿಂಗಳ ಆಸುಪಾಸಿನ ಬೆಕ್ಕು. ಆ ದ್ವೀಪದಲ್ಲಿ ಮೂಲದಲ್ಲಿ ಬೆಕ್ಕೇ ಇರಲಿಲ್ಲ, ದೋಣಿಯಲ್ಲಿ ಒಯ್ದಿರಬೇಕು. ಸಮುದ್ರ ದಾಟುವಾಗ ಜೊತೆಗೆ ಬೆಕ್ಕನ್ನೂ ಕರೆದುಕೊಂಡು ಹೋದರು ಅಂದರೆ ಎಷ್ಟು ಬೇಕಾಗಿತ್ತು ನೋಡು ಅವರಿಗೆ!

ನಿಮ್ಮ ಊರಲ್ಲಿ ಮುತ್ಯಾ ನೆಲದೊಳಗಿನ ಕಾಳಿನ ಹಗೇವು ತೆಗೆಸಿದ್ದು ನೆನಪಿದೆಯಾ? ಬಾಯಿ ಬಿಚ್ಚಿ, ಕೆಟ್ಟ ಗಾಳಿ ಹೋಗಲಿ ಅಂತ ಕಾದು, ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಆಳನ್ನು ಇಳಿಸಿದ್ದರು. ಜೋಳ ಮೇಲೆ ಬರುವಷ್ಟರಲ್ಲಿ ಊರಿನ ಬೆಕ್ಕುಗಳೆಲ್ಲ ಸುತ್ತ ಕೂತಿದ್ದವು. ಮುತ್ಯಾ ಒಂದನ್ನೂ ಓಡಿಸಲಿಲ್ಲ. ಮನೆಯೊಳಗೆ ಬೆಕ್ಕಿಗೆ ಸಿಗದಂತೆ ಮೊಸರನ್ನು ನೆಲುವಿಗೆ ಏರಿಸುತ್ತಿದ್ದರು, ಆದರೆ ಕಾಳಿದ್ದಲ್ಲಿ ಬೆಕ್ಕು ಇರಲೇಬೇಕು. ಈಗ ನಮ್ಮ ಮನೆಯಲ್ಲಿ ಗಿರಣಿಯಿಂದ ತಂದ ಐದು ಕಿಲೋ ಹಿಟ್ಟು ಬಿಟ್ಟರೆ ಕಾಳು ಅಂತ ಏನೂ ಇಲ್ಲ. ಮೊಸರು ಫ್ರಿಜ್ಜಿನಲ್ಲಿದೆ. ನಮಗೆ ಬೆಕ್ಕಿನಿಂದ ಆಗಬೇಕಾದ ಕೆಲಸ ಮುಗಿದಿದೆ, ಬೆಕ್ಕು ಮಾತ್ರ ಇಲ್ಲೇ ಉಳಿದಿದೆ. ಹೋಗಲು ಅದಕ್ಕೆ ಬೇರೆ ಜಾಗ ಎಲ್ಲಿದೆ ಹೇಳು?

ಹೋದ ಸಲ ಇದು ನಮ್ಮ ಅಟ್ಟದ ಮೇಲೆ ಮರಿ ಹಾಕಿತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅಂತ ಅವ್ವ ಹೇಳುತ್ತಾಳಲ್ಲ, ನಮ್ಮದು ಎಷ್ಟನೆಯದೋ ಗೊತ್ತಿಲ್ಲ. ಕುತ್ತಿಗೆ ಹಿಡಿದು ಒಂದೊಂದಾಗಿ ಕಚ್ಚಿಕೊಂಡು ತಂದು, ಹಳೇ ಗಾದಿಯ ಸಂದಿಯಲ್ಲಿ ಇಟ್ಟುಕೊಂಡಿತ್ತು. ಒಂದಕ್ಕೊಂದು ಬಣ್ಣ ಕೂಡದ ಮರಿಗಳು. ಬೆಕ್ಕುಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಕಣ್ಣು ಬಿಟ್ಟು, ಗಾದಿಯಿಂದ ಕೆಳಗೆ ಉರುಳಿ ಆಡಲು ಕಲಿತಿದ್ದವು. ಆಮೇಲೆ ವಾಂತಿ ಶುರುವಾಯಿತು.

ಆ ಮರಿಗಳು ನೀರಿನ ಬಟ್ಟಲ ಮೇಲೆ ತಲೆ ಬಾಗಿಸಿ ಕೂತಿದ್ದವು ಸಾವ್ಕಾರ. ಗದ್ದ ನೀರಿಗೆ ತಾಗುತ್ತಿತ್ತು. ಬಾಯಾರಿಕೆ ಇತ್ತು, ಕುಡಿಯಲು ಆಗುತ್ತಿರಲಿಲ್ಲ. ನಾನು ಸಿರಿಂಜಿನಲ್ಲಿ ಹನಿಹನಿ ಹಾಕಿದರೆ ಬಾಯಿಯ ಪಕ್ಕದಿಂದ ಹೊರಗೆ ಇಳಿಯುತ್ತಿತ್ತು. ದನದ ದವಾಖಾನೆಯ ಡಾಕ್ಟರು ನೋಡಿದ ಕೂಡಲೇ ಹೇಳಿದರು, ಇದು ಬೆಕ್ಕುಗಳ ಪಾರ್ವೊ ಅನ್ನುವ ವೈರಸ್ ರೋಗ, ಇಷ್ಟು ಸಣ್ಣವು ಉಳಿಯುವುದು ಕಷ್ಟ ಅಂತ. ಲಸಿಕೆ ಇದೆ, ಆದರೆ ಮೊದಲೇ ಹಾಕಿಸಬೇಕು. ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯುತ್ತದಂತೆ. ಗಾದಿ ಸುಟ್ಟೆವು, ಅಟ್ಟವನ್ನು ಬ್ಲೀಚಿಂಗ್ ಹಾಕಿ ತೊಳೆದೆವು. ಒಂದೂ ಉಳಿಯಲಿಲ್ಲ.

ತಾಯಿ ಅಟ್ಟದ ಸುತ್ತ ಕೂಗುತ್ತ ತಿರುಗಿತು. ಅದರ ಮೊಲೆ ಇನ್ನೂ ಬತ್ತಿರಲಿಲ್ಲ, ಅಷ್ಟರಲ್ಲೇ ಓಣಿಯ ದೊಡ್ಡ ತಲೆಯ ಗಂಡು ಬೆಕ್ಕು, ಆ ಗಡವ, ಮಾಳಿಗೆ ಮೇಲೆ ಬಂದು ಅರಚತೊಡಗಿತು. ಬೆಕ್ಕಿಗೆ ಎರಡು ತಿಂಗಳ ಬಸಿರು. ಮರಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು. ಆ ರಾತ್ರಿ ನಿರ್ಧಾರ ಮಾಡಿದೆ, ಇದಕ್ಕೆ ಆಪರೇಶನ್ ಮಾಡಿಸಬೇಕು ಅಂತ.

ಹಿಡಿದದ್ದು ದ್ರಾಕ್ಷಿ ಕ್ರೇಟಿನಲ್ಲಿ. ಒಂದರ ಮೇಲೆ ಒಂದು ಬೋರಲು ಹಾಕಿ, ಒಂದು ಕಡೆ ಸುತಳಿ ಬಿಗಿದು, ಎದುರಿನ ಕಡೆ ಎತ್ತಿ ಒಳಗೆ ಚಾಚಿ ಕೊಟ್ಟ ಮಟನ್ ಚೂರು ಇಟ್ಟೆ. ಅದು ಒಳಗೆ ಹೋದ ಕೂಡಲೇ ಮೇಲಿನದನ್ನು ಒತ್ತಿ ಹಿಡಿದು ಉಳಿದ ಮೂರು ಕಡೆಯೂ ಗಂಟು ಹಾಕಿದೆ. ಮೇಲೆ ನನ್ನಾಕೆಯ, ಅಂದರೆ ನಿನ್ನ ವೈನಿಯ, ಹಳೇ ಇಳಕಲ್ ಸೀರೆ ಹೊದಿಸಿದೆವು. ಕತ್ತಲಾದರೆ ಬೆಕ್ಕಿಗೆ ಗಾಬರಿ ಕಡಿಮೆ. ಕ್ರೇಟಿನ ಕಿಂಡಿಯಿಂದ ಒಂದು ಕಾಲು ಹೊರಗೆ ಚಾಚಿ ಸೀರೆಯ ಸೆರಗನ್ನು ಉಗುರಿನಿಂದ ಹಿಡಿದುಕೊಂಡೇ ಕೂತಿತ್ತು, ದವಾಖಾನೆ ಮುಟ್ಟುವವರೆಗೆ.

ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ರೇಬಿಸ್ ಲಸಿಕೆಯನ್ನೂ ಹಾಕಿದರು, ಬೆಕ್ಕಿನಿಂದಲೂ ರೇಬಿಸ್ ಬರಬಹುದು. ಎಚ್ಚರ ತಪ್ಪಿದಾಗಲೇ ಎಡಗಿವಿಯ ತುದಿಯನ್ನು ಚೂರೇ ಚೂರು ಕತ್ತರಿಸಿದರು. ಇದಕ್ಕೆ ಆಪರೇಶನ್ ಆಗಿದೆ ಅಂತ ದೂರದಿಂದಲೇ ಗೊತ್ತಾಗಲಿ, ಇನ್ನೊಬ್ಬರು ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸಬಾರದು ಅಂತ. ಗಾಯ ಮಾಯುವವರೆಗೆ ಬಚ್ಚಲ ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ಬಿಟ್ಟೆವು. ಹಾಗೇ ಮಾಡಬೇಕು. ದೂರ ಒಯ್ದು ಬಿಟ್ಟರೆ ಅದು ದಾರಿ ತಪ್ಪಿ ಸಾಯಬಹುದು, ಇಲ್ಲಿ ಕೂಳು ಸಿಗುವ ಜಾಗಕ್ಕೆ ಇನ್ನೊಂದು ಬಂದು ಕೂಡುತ್ತದೆ.

ಮಾಡಿದ್ದು ಸರಿ ಅಂತ ಈಗಲೂ ಹೇಳುತ್ತೇನೆ. ಟೀಚರ್ ಅಜ್ಜಿ ದಿನಾ ಗುಬ್ಬಿಗೆ ಜೋಳ ಚೆಲ್ಲುತ್ತಾರೆ, ಅದೇ ಕಟ್ಟೆ ಕೆಳಗೆ ಬೆಕ್ಕು ಹೊಂಚು ಹಾಕುತ್ತದೆ. ಅಮೆರಿಕದಲ್ಲಿ 2013ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ ಅಲ್ಲಿನ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಹೆಚ್ಚಿನವು ಯಾರೂ ಸಾಕದ ಬೆಕ್ಕುಗಳ ಬಾಯಿಗೇ ಹೋಗುತ್ತವೆ. ಅಜ್ಜಿಯ ಗುಬ್ಬಿಯೂ ಇರಬೇಕು, ಅಜ್ಜಿಯ ಪುಟ್ಟವ್ವನೂ ಇರಬೇಕು. ಅದಕ್ಕೆ ಬೆಕ್ಕಿನ ಸಂಖ್ಯೆ ಏರದಂತೆ ನೋಡಿಕೊಳ್ಳುವುದೇ ದಾರಿ, ಅಲ್ವಾ?

ಆದರೆ ಕ್ರೇಟ್ ಹೊತ್ತುಕೊಂಡು ಮನೆಗೆ ಬರುವಾಗ ಓಣಿಯ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೇಳಿದರು, “ತಾಯಿ ಆಗೋದು ತಪ್ಪಿಸಿಬಿಟ್ರೆಲ್ಲಪಾ, ಪಾಪ ಹತ್ತೂದಿಲ್ಲೇನು?” ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಿನ್ನ ವೈನಿ ನನ್ನ ಜೊತೆಗೇ ಇದ್ದಳು. ಕ್ರೇಟಿನ ಇನ್ನೊಂದು ತುದಿ ಅವಳೇ ಹಿಡಿದಿದ್ದಳು.

ಇಷ್ಟಕ್ಕೇ ನಿಲ್ಲಿಸಬೇಕು ಅಂತ ಕೂತಿದ್ದೆ. ಆಗುತ್ತಿಲ್ಲ.

ನೀನು ಪ್ರತಿ ದೀಪಾವಳಿಗೆ ಫೋನಿನಲ್ಲಿ “ಮತ್ತೇನು ವಿಶೇಷ?” ಅಂತ ಕೇಳುತ್ತೀಯ, ನಾನು ದೇವರು ಕೊಟ್ಟಾಗ ನೋಡೋಣ ಅನ್ನುತ್ತೇನೆ. ಸೊಲ್ಲಾಪುರದ ಡಾಕ್ಟರು, ಹುಬ್ಬಳ್ಳಿಯ ಡಾಕ್ಟರು, ಎಲ್ಲ ಮುಗಿಯಿತು ಸಾವ್ಕಾರ. ಇನ್ನು ಸಾಕು ಅಂತ ನಾವಿಬ್ಬರೂ ಕೂತು ಮಾತಾಡಿ ನಿಲ್ಲಿಸಿದ್ದೇವೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವ್ವನ ಹರಕೆಗಳು ನಡೆಯುತ್ತಲೇ ಇವೆ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆಯುವವರು ನನ್ನ ಹೆಸರಿಗೆ ಕಾರ್ಡ್ ಕೊಟ್ಟು ಹೋಗುತ್ತಾರೆ, ಅವಳ ಮುಖ ನೋಡುವುದಿಲ್ಲ. ನಮ್ಮ ವಿಷಯದಲ್ಲಿ ಊರೆಲ್ಲ ಕೇಳುವವರೇ. ಆ ಬೆಕ್ಕಿನ ವಿಷಯದಲ್ಲಿ ಕೇಳಬೇಕಾದವರು ಒಬ್ಬರೂ ಇರಲಿಲ್ಲ. ಸಾಕಿದವರಿದ್ದರೆ ಅವರನ್ನಾದರೂ ಕೇಳುತ್ತಿದ್ದೆ. ಒಂದು ರಾತ್ರಿಯಲ್ಲಿ ನಾನೊಬ್ಬನೇ ತೀರ್ಮಾನ ಮಾಡಿಬಿಟ್ಟೆ.

ಅವತ್ತು ರಾತ್ರಿ ವೈನಿ ಕೇಳಿದಳು, “ಅದಕ್ಕ ಗೊತ್ತಾಗ್ತದೇನ್ರಿ?” ನನಗೆ ಉತ್ತರ ಬರಲಿಲ್ಲ. ಗಾಯ ಒಣಗಿದ ಮೇಲೆ ಬೆದೆ ಬರುವುದಿಲ್ಲ, ನೋವಿರುವುದಿಲ್ಲ, ಜಾಸ್ತಿ ವರ್ಷ ಬದುಕುತ್ತದೆ ಅಂತ ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಅವಳು ಕೇಳಿದ್ದು ಅದನ್ನಲ್ಲ. ದೀಪ ಆರಿಸಿದ ಮೇಲೂ ಇಬ್ಬರೂ ಎಚ್ಚರವಾಗಿದ್ದೆವು. ಬಹಳ ದಿನದ ಮೇಲೆ ಅವಳು ಅತ್ತಳು, ನಾನೂ ಅತ್ತೆ.

ಇದನ್ನು ಅವಳಿಗೆ ಓದಿ ಹೇಳಿದೆ. “ಇರ್ಲಿ ಹಾಕ್ರಿ, ಕೇಳೋರು ಒಮ್ಮೆ ಓದ್ಲಿ” ಅಂದಳು. ಅದಕ್ಕೇ ಹಾಕುತ್ತಿದ್ದೇನೆ. ಅವ್ವನಿಗೂ ಅವಳೇ ಹೇಳುತ್ತಾಳಂತೆ, ಈ ವಾರ.

ಬೆಕ್ಕು ಈಗ ಗುಂಡಗಾಗಿದೆ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಬಹಳ ಕಡಿಮೆ, ಮರಿಯಾಗಿದ್ದಾಗ ತಾಯಿಗೆ ಅನ್ನುತ್ತವೆ, ದೊಡ್ಡವಾದ ಮೇಲೆ ಮನುಷ್ಯರಿಗೆ. ಇದು ನನಗೆ ಅನ್ನುವುದಿಲ್ಲ. ವೈನಿಗೆ ಅನ್ನುತ್ತದೆ. ಚಾಚಿಗೆ ಅದರಿಂದ ಸ್ವಲ್ಪ ಹೊಟ್ಟೆಕಿಚ್ಚು, ಮಟನ್ ಹಾಕಿದವಳು ನಾನು ಅಂತ.

ಸರಿ, ಸಿದ್ಧೇಶ್ವರ ಜಾತ್ರೆಗೆ ಬರುತ್ತೀಯೋ ಇಲ್ಲವೋ? ಸಂಕ್ರಮಣ ದೂರವಿಲ್ಲ. ಬರುವಾಗ ಬಾಕರವಡಿ ತಾ, ಅದರ ಜೊತೆ ದಪ್ಪ ಚರ್ಮದ ಹ್ಯಾಂಡ್ ಗ್ಲೌಸ್ ಒಂದು ಜೊತೆ. ಆ ಗಡವನಿಗೂ ಆಪರೇಶನ್ ಆಗಬೇಕು. ಗಂಡಿನದು ಸಣ್ಣ ಆಪರೇಶನ್, ಬೇಗ ಮುಗಿಯುತ್ತದೆ, ಆದರೆ ಹಿಡಿಯುವುದು ನನ್ನೊಬ್ಬನಿಂದ ಆಗುವ ಕೆಲಸವಲ್ಲ. ಹಾಸ್ಟೆಲ್ಲಿನ ಬಚ್ಚಲಲ್ಲಿ ನೀನು ಬರಿಗೈಯಲ್ಲಿ ಹಿಡಿದದ್ದನ್ನು ನಾನು ಮರೆತಿಲ್ಲ, ವಾರ್ಡನ್ನರೂ ಮರೆತಿರಲಿಕ್ಕಿಲ್ಲ. ಕ್ರೇಟುಗಳು ಇಲ್ಲೇ ಇವೆ. ಮಟನ್ ಚಾಚಿಯದು.

ನಿನ್ನ ದೋಸ್ತ