ಒಪ್ಪಂದ ಮುಗಿಸಿ ಎರಡು ತಿಂಗಳಾದರೂ ಅಪ್ಪನ ಕಾಗದಪತ್ರ ಕೈಸೇರಿಲ್ಲ

ಗೆ,
ವ್ಯವಸ್ಥಾಪಕರು,
ಹೂಡಿಕೆ ಸಲಹಾ ಕಚೇರಿ, ಬಾಗಲಕೋಟೆ

ವಿಷಯ: ಫೋಲಿಯೊ (ಮ್ಯೂಚುವಲ್ ಫಂಡ್ ಖಾತೆ) ವಿವರ ಕೊಡದಿರುವ ಮತ್ತು ಉಳಿದ ಫೀ ವಾಪಸ್ ಮಾಡದಿರುವ ಬಗ್ಗೆ ದೂರು

ಮಾನ್ಯರೇ,

ನಮ್ಮ ತಂದೆಯವರ ಪರವಾಗಿ ಬರೆಯುತ್ತಿದ್ದೇನೆ. ಆರು ವರ್ಷದಿಂದ ಅವರ ಹೂಡಿಕೆಯನ್ನು ನಿಮ್ಮ ಕಚೇರಿಯೇ ನೋಡಿಕೊಂಡಿದೆ. ಅದು ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರದ ಹಣ. ಹೊಲ, ಮನೆ ಎರಡೂ ಬಿಟ್ಟು ನವನಗರಕ್ಕೆ ಬಂದಾಗ ಕೈಯಲ್ಲಿದ್ದದ್ದು ಅದೊಂದೇ. ಮುಳುಗಡೆ ದುಡ್ಡು ಎಷ್ಟು ಬೇಗ ಕರಗುತ್ತದೆ ಅಂತ ನಮ್ಮೂರಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಿಮ್ಮಿಂದ ಅದು ಉಳಿಯಿತು. ಆ ಉಪಕಾರ ನಾವು ಮರೆತಿಲ್ಲ.

ಹುಬ್ಬಳ್ಳಿಯಲ್ಲಿ ಸಿಎ ಆಗಿರುವ ನನ್ನ ತಂಗಿ, ಇನ್ನು ತಾನೇ ನೋಡಿಕೊಳ್ಳುತ್ತೇನೆ ಅಂದಳು. ಅಪ್ಪ ಒಪ್ಪಿದರು. ಜೂನ್ 30ರಂದು ಒಪ್ಪಂದ ಮುಗಿಸುವ ಪತ್ರ ಕೊಟ್ಟು, ನಿಮ್ಮ ಸೀಲು ಹಾಕಿಸಿಕೊಂಡಿದ್ದೇವೆ. ಆಮೇಲೆ ನಾಲ್ಕು ಸಲ ಬಂದೆವು. ಪ್ರತಿ ಸಲವೂ "ಸಾಹೇಬರಿಲ್ಲ, ಸೋಮವಾರ ಬನ್ನಿ" ಎಂಬ ಮಾತೇ.

ನಮಗೆ ಜಾಸ್ತಿ ಭಯವಾಗಿರುವುದು ಬೇರೆ ವಿಷಯಕ್ಕೆ. ಮ್ಯೂಚುವಲ್ ಫಂಡ್ ಫೋಲಿಯೊಗಳಲ್ಲಿ ಅಪ್ಪನ ಫೋನ್ ನಂಬರ್ ಇಲ್ಲ, ನಿಮ್ಮ ಸಿಬ್ಬಂದಿಯ ನಂಬರ್ ಇದೆ. ಇಮೇಲ್ ಕೂಡ ಕಚೇರಿಯದ್ದೇ. ಒಟಿಪಿ ನಿಮಗೆ ಬರುತ್ತದೆ, ಸ್ಟೇಟ್‌ಮೆಂಟೂ ನಿಮಗೇ ಬರುತ್ತದೆ. ಅಪ್ಪನಿಗೆ ಸ್ಮಾರ್ಟ್‌ಫೋನ್ ಇಲ್ಲ, ಅನುಕೂಲವಾಗಲಿ ಅಂತ ಹಾಗೆ ಮಾಡಿದಿರಿ ಅನ್ನೋಣ. ಆದರೆ ಸಂಬಂಧ ಮುಗಿದ ಮೇಲೂ ಬೀಗದ ಕೈ ನಿಮ್ಮಲ್ಲೇ ಇರುವುದು ಸರಿಯಲ್ಲ, ಅಲ್ವಾ? ನಂಬರ್ ಬದಲಿಸಲು ನಾವೇ ಅರ್ಜಿ ಕೊಡೋಣವೆಂದರೆ, ಒಟ್ಟು ಎಷ್ಟು ಫೋಲಿಯೊ ಇವೆ ಅನ್ನುವ ಪಟ್ಟಿಯೇ ನಮ್ಮ ಹತ್ತಿರ ಇಲ್ಲ. ಫಂಡಿಗೆ ಕಟ್ಟುವ ತಿಂಗಳ ಕಂತು, ಅಂದರೆ ಎಸ್‌ಐಪಿ ಹಣ ಮಾತ್ರ ತಪ್ಪದೆ ಪ್ರತಿ ತಿಂಗಳು 5ಕ್ಕೆ ಬ್ಯಾಂಕಿನಿಂದ ಹೋಗುತ್ತಿದೆ.

ಇನ್ನು ಫೀ. ಏಪ್ರಿಲ್‌ನಲ್ಲಿ ವರ್ಷಕ್ಕೆಂದು 24,000 ರೂಪಾಯಿ ಮುಂಗಡ ಕಟ್ಟಿದ್ದೇವೆ. "ಕಟ್ಟಿದ್ದು ವಾಪಸ್ ಬರಲ್ಲ" ಅಂದರು ನಿಮ್ಮ ಸಿಬ್ಬಂದಿ. ನೀವು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರು. ಒಪ್ಪಂದ ಮಧ್ಯದಲ್ಲಿ ಮುಗಿದರೆ ಉಳಿದ ಅವಧಿಯ ಫೀ ಹಿಂತಿರುಗಿಸಬೇಕು, ಹೆಚ್ಚೆಂದರೆ ಮೂರು ತಿಂಗಳ ಫೀ ಹಿಡಿದುಕೊಳ್ಳಬಹುದು ಎಂಬುದು ಸೆಬಿಯ ನಿಯಮ. ಮೂರು ತಿಂಗಳ ಸೇವೆಗೆ 6,000 ಮುರಿದುಕೊಳ್ಳಿ. ಇನ್ನೊಂದು 6,000 ಹಿಡಿದುಕೊಂಡರೂ 12,000 ಬರಬೇಕು.

ಕಳೆದ ವಾರ ಒಂದು ಹಾಳೆ ಮುಂದಿಟ್ಟು "ಲೆಕ್ಕವೆಲ್ಲ ಚುಕ್ತಾ ಆಗಿದೆ ಅಂತ ಸಹಿ ಮಾಡಿ, ಆಮೇಲೆ ಫೈಲ್ ಕೊಡ್ತೀವಿ" ಅಂದರು. ಅಪ್ಪ ಪೆನ್ನು ತೆಗೆದೇ ಬಿಟ್ಟಿದ್ದರು, ನಾನು ತಡೆದೆ. ಎಪ್ಪತ್ತೆಂಟು ವರ್ಷದವರ ಹತ್ತಿರ ಹೀಗೆ ಸಹಿ ಕೇಳಿದ್ದು ನನಗೆ ತುಂಬಾ ನೋವಾಯಿತು. ಆರು ವರ್ಷ ಅವರು ನೀವು ತೋರಿಸಿದ ಕಡೆಯೆಲ್ಲ ಓದದೆ ಸಹಿ ಹಾಕಿದವರು.

ಈ ಪತ್ರ ಸಿಕ್ಕ ಹತ್ತು ದಿನದೊಳಗೆ ಎಲ್ಲ ಫೋಲಿಯೊಗಳ ಪಟ್ಟಿ, ಒಪ್ಪಂದದ ಪ್ರತಿ ಮತ್ತು ಉಳಿದ ಫೀ ಕೊಡಿ. ನಿಮ್ಮ ನಂಬರ್, ಇಮೇಲ್ ತೆಗೆಸುವ ಅರ್ಜಿಗಳನ್ನು ನಮ್ಮ ಎದುರೇ ತುಂಬಿಸಿ. ಇಲ್ಲವಾದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಹಾಕುತ್ತೇನೆ. ಅಲ್ಲಿ ಬಂದ ದೂರನ್ನು ನೀವು 21 ದಿನದೊಳಗೆ ಬಗೆಹರಿಸಬೇಕಾಗುತ್ತದೆ. ಅಲ್ಲಿಗೆ ಹೋಗುವುದು ಅಪ್ಪನಿಗೆ ಇಷ್ಟವಿಲ್ಲ, "ನಮ್ಮವರೇ ಅಲ್ಲವೇನು" ಅನ್ನುತ್ತಾರೆ.

ಅವರಿಗೆ ನಿಮ್ಮ ಮೆಟ್ಟಿಲು ಹತ್ತಲು ಆಗುವುದಿಲ್ಲ. ಫೈಲ್ ತೆಗೆದುಕೊಳ್ಳಲು ನಾನೇ ಬರುತ್ತೇನೆ. ಅರ್ಜಿಗೆ ಅವರ ಸಹಿ ಬೇಕಾದರೆ ನಿಮ್ಮವರು ಮನೆಗೆ ಬರಲಿ. ದಿನ ಮತ್ತು ಸಮಯ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕರ ಮಗ
ನವನಗರ, ಬಾಗಲಕೋಟೆ