ಅತ್ತೆಯ ತವರಿನ ಕಲ್ಲು

ಕಾಲೇಜಿನಲ್ಲಿ ಕಾಯಂ ಉಪನ್ಯಾಸಕಿ ಕೆಲಸದ ಆದೇಶ ಪತ್ರ ಕೈಗೆ ಬಂದು ಒಂದೂವರೆ ವರ್ಷವಾಯಿತು. ಆವತ್ತು ಎಷ್ಟು ಜನ ಫೋನ್ ಮಾಡಿದಿರಿ! ಮನೆಗೇ ಬಂದು ಹಾರ ಹಾಕಿದಿರಿ. ನಾನು ನಗುತ್ತಾ ಎಲ್ಲರಿಗೂ ಕೈಮುಗಿದೆ. ಆದರೆ ಮನಸಾರೆ ಥ್ಯಾಂಕ್ಸ್ ಹೇಳಲು ಆಗಿರಲಿಲ್ಲ. ಆ ಬಾಕಿಯನ್ನು ಇವತ್ತು ತೀರಿಸಬೇಕು.

14 ವರ್ಷ ಅತಿಥಿ ಉಪನ್ಯಾಸಕಿಯಾಗಿ ಹೇಗಿದ್ದೆ ಅಂತ ನಿಮಗೆಲ್ಲ ಗೊತ್ತು. ಒಂದು ಕಾಲಕ್ಕೆ ತಿಂಗಳಿಗೆ 13,000 ರೂಪಾಯಿ, ಅದೂ ಕೈಗೆ ಬರುತ್ತಿದ್ದದ್ದು ಮೂರ್ನಾಲ್ಕು ತಿಂಗಳಿಗೊಮ್ಮೆ. ಉಪನ್ಯಾಸಕರ ಅರ್ಹತೆಯ ಕೆ-ಸೆಟ್ ಪರೀಕ್ಷೆ, ಪಿಎಚ್‌ಡಿ, ಆಮೇಲೆ ನೇಮಕಾತಿಗೆ ಕಾದಿದ್ದು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಪ್ರಬಂಧವನ್ನು ಮೂರು ಸಲ ಕೂತು ತಿದ್ದಿಕೊಟ್ಟ ನಮ್ಮ ಮೇಡಂಗೆ, ಪರೀಕ್ಷೆಗೆ ಬೆಂಗಳೂರಿಗೆ ಹೋದಾಗಲೆಲ್ಲ ಹಾಸಿಗೆ ಹಾಸಿ ಊಟ ಹಾಕಿದ ಗೆಳತಿಗೆ, ಫೀಸು ಕಟ್ಟಲು ಬಳೆ ಅಡ ಇಟ್ಟ ಅಕ್ಕನಿಗೆ, ಮಗಳ ಶಾಲೆ, ಜ್ವರ, ಜಡೆ ಎಲ್ಲವನ್ನೂ ತಾವೇ ನೋಡಿಕೊಂಡ ನಮ್ಮ ಮನೆಯವರಿಗೆ ನಾನು ಋಣಿ. ನೀವಿಲ್ಲದಿದ್ದರೆ ಈ ಕೆಲಸವಿಲ್ಲ.

ಅಪ್ಪನಿಗೂ ಹೇಳಬೇಕಿತ್ತು. ಆದೇಶ ಬರುವ ಎರಡು ವರ್ಷ ಮೊದಲೇ ಅವರು ಹೋಗಿಬಿಟ್ಟಿದ್ದರು. ಯಾರಿಗಾದರೂ ನನ್ನನ್ನು ಪರಿಚಯಿಸುವಾಗ ‘ಮಗಳು ಕಾಲೇಜಲ್ಲಿ ಲೆಕ್ಚರರ್’ ಅನ್ನುತ್ತಿದ್ದರು. ‘ಅತಿಥಿ’ ಅನ್ನುವ ಮಾತನ್ನು ನುಂಗಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಆ ನುಂಗಿದ ಮಾತೇ ಜೋರಾಗಿ ಕೇಳುತ್ತಿತ್ತು. ಅದನ್ನು ಅಳಿಸಬೇಕು ಅಂತಲೇ ಅಷ್ಟು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದೆ.

ಕೆಲಸ ಸಿಕ್ಕ ಮೇಲೂ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಓದಲು ಏನೂ ಇರಲಿಲ್ಲ. ಲೈಟು ಹಾಕಿಕೊಂಡು ಅದೇ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಿದ್ದೆ. ಕಾಲೇಜಿಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಬರುತ್ತಿದ್ದೆ. ಮೊದಲ ಸಂಬಳದಲ್ಲಿ ಎಲ್ಲರಿಗೂ ಬಟ್ಟೆ ತಂದೆ. ನನಗೆ ಏನು ಬೇಕು ಅಂತ ಮಗಳು ಕೇಳಿದಾಗ ಉತ್ತರವೇ ಹೊಳೆಯಲಿಲ್ಲ. ಇಷ್ಟು ಜನ ಕಷ್ಟಪಟ್ಟು ಕೊಡಿಸಿದ ಸುಖ ನನಗೆ ಹತ್ತುತ್ತಿಲ್ಲ ಅಂತ ಯಾರ ಹತ್ತಿರ ಹೇಳುವುದು? ಈಗಲೂ ಅದೇ ಅತಿಥಿ ಹುದ್ದೆಯಲ್ಲಿ ಇರುವ ಗೆಳತಿಯರ ಎದುರಿಗೆ ಬಾಯಿ ಬಿಡುವುದಾದರೂ ಹೇಗೆ? ಅದಕ್ಕೇ ನಿಮ್ಮ ಫೋನು ಎತ್ತುವುದನ್ನೇ ಕಡಿಮೆ ಮಾಡಿದೆ. ಬೇಜಾರು ಮಾಡಿಕೊಂಡವರು ಕ್ಷಮಿಸಿ.

ಆ ವರ್ಷದ ನವೆಂಬರ್. ನಮ್ಮಲ್ಲಿ ಆಗ ಅಡಿಕೆ ಕೊಯ್ಲು. ರಾತ್ರಿ ಊಟವಾದ ಮೇಲೆ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಹಸಿ ಅಡಿಕೆ ಸುಲಿಯುತ್ತಾರೆ. ಒಂದು ದಿನ ರಾತ್ರಿ ಒಂದು ಗಂಟೆಯಾದರೂ ನನಗೆ ನಿದ್ದೆ ಹತ್ತಲಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗೆ. ಎದ್ದು ಹೊರಗೆ ಬಂದೆ. ಸುಲಿಯುವ ಹೆಂಗಸರೆಲ್ಲ ಮನೆಗೆ ಹೋಗಿದ್ದರು. ಅತ್ತೆ ಒಬ್ಬರೇ ಬಲ್ಬಿನ ಕೆಳಗೆ ಉಳಿದ ರಾಶಿ ಮುಗಿಸುತ್ತಿದ್ದರು.

“ಏನಾತೇ? ಮಲಗಲ್ವಾ?”

“ಅತ್ತೆ, ನಂಗೆ ಯಾವುದೂ ಬೇಡ ಅನ್ನಿಸ್ತಿದೆ. ನಾಳೆ ಬೆಳಗಾಗೋದೇ ಬೇಡ ಅನ್ನಿಸ್ತಿದೆ.”

ಹೀಗೆ ಹೇಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

ಅತ್ತೆ ಮಾತಾಡಲಿಲ್ಲ. ಪಕ್ಕದಲ್ಲಿದ್ದ, ಅಡಿಕೆ ಸುಲಿಯುವ ಇನ್ನೊಂದು ಮೆಟ್ಟುಗತ್ತಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. “ಕೂತ್ಕೋ” ಅಂದರು. ಕೂತೆ. ಸುಲಿದು ಎಷ್ಟೋ ವರ್ಷವಾಗಿತ್ತು. ನಾಲ್ಕನೇ ಅಡಿಕೆಗೇ ಹೆಬ್ಬೆರಳು ಕುಯ್ದುಕೊಂಡೆ. ಅವರು ಎದ್ದು ಒಳಗೆ ಹೋಗಿ, ಅರಿಶಿನ ತಂದು ಒತ್ತಿ, ಹಳೇ ಸೀರೆಯ ಚೂರು ಕಟ್ಟಿದರು. ಅಡಿಕೆಯ ಚೊಗರು ಮೆತ್ತಿ ಕಪ್ಪಾದ ಆ ಬೆರಳುಗಳು ಗಂಟು ಹಾಕುವುದನ್ನು ನೋಡುತ್ತಾ ಅಳು ಬಂತು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅತ್ತೆ ಅಳಬೇಡ ಅನ್ನಲಿಲ್ಲ. ದೇವರ ಹೆಸರು ಹೇಳಲಿಲ್ಲ. ನನ್ನ ಮಂಡಿಗೆ ಅವರ ಮಂಡಿ ತಾಗುವಷ್ಟು ಹತ್ತಿರ ಸರಿದು, ಸುಲಿಯುತ್ತಾ ಕೂತರು. ರಾಶಿ ಮುಗಿಯಿತು. ಆಮೇಲೂ ಎದ್ದು ಹೋಗಲಿಲ್ಲ. 72 ವರ್ಷದ ಹೆಂಗಸು, ಬೆಳಗಾದರೆ ಅಡಿಕೆ ಬೇಯಿಸುವ ಕೆಲಸ ಬೇರೆ ಇತ್ತು. ಕೋಳಿ ಕೂಗುವ ತನಕ ನನ್ನ ಜೊತೆ ಕೂತಿದ್ದರು.

ಬೆಳಕು ಹರಿಯುವ ಹೊತ್ತಿಗೆ ಕೇಳಿದರು: “ನೀನು ಇಷ್ಟ್ ವರ್ಷ ಓದಿದ್ದು ಎಂತದು?”

ಮದುವೆಯಾಗಿ ಬಂದು 17 ವರ್ಷವಾಗಿತ್ತು. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

“ವೀರಗಲ್ಲು ಅತ್ತೆ. ಹಳೇ ಕಲ್ಲಿನ ಮೇಲೆ ಬರೆದಿದ್ದನ್ನ ಓದೋದು.”

“ನಮ್ಮೂರ ಕೆರೆ ಏರಿ ಹತ್ರ ಒಂದು ಕಲ್ಲಿದೆ. ಅದ್ರಲ್ಲೂ ಎಂತದೋ ಬರ್ದಿದಾರೆ. ಓದಿ ಹೇಳ್ತೀಯಾ?”

ಅವರ ತವರೂರಿನ ಕಲ್ಲು ಅಂದಿದ್ದು ಕೇಳಿ ನನಗೆ ಮಾತೇ ಹೊರಡಲಿಲ್ಲ. ಸೊರಬ ತಾಲ್ಲೂಕಿನ ಆ ಊರಿನ ಶಾಸನ ನನ್ನ ಪ್ರಬಂಧದಲ್ಲೇ ಇದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೇ ಸಂಪುಟದಿಂದ ತೆಗೆದುಕೊಂಡಿದ್ದೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳಿರುವ ಆ ಪುಸ್ತಕ ಅಚ್ಚಾದದ್ದು 1904ರಲ್ಲಿ. ಅತ್ತೆ ಹುಟ್ಟುವ ಎಷ್ಟೋ ಮೊದಲೇ ಅವರ ಊರಿನ ಕಲ್ಲನ್ನು ಓದಿ ಬರೆದುಕೊಂಡು ಹೋಗಿದ್ದರು. ನಾನು ಅದನ್ನು ಲೈಬ್ರರಿಯಲ್ಲಿ ಕೂತು ಅಡಿಟಿಪ್ಪಣಿ ಮಾಡಿದ್ದೆ. ಆ ಕಲ್ಲಿನ ಪಕ್ಕದಲ್ಲಿ ಆಡಿ ಬೆಳೆದವರು ನನಗೆ ದಿನಾ ಊಟ ಬಡಿಸುತ್ತಿದ್ದರು.

ಅಡಿಕೆ ಕೆಲಸ ಮುಗಿದ ಮೇಲೆ ಹೋದೆವು. ಕಲ್ಲು ಅರ್ಧ ವಾಲಿತ್ತು. ಊರಿನವರು ಅದಕ್ಕೆ ಭೂತಪ್ಪ ಅನ್ನುತ್ತಾರೆ, ಎಣ್ಣೆ ಹಚ್ಚುತ್ತಾರೆ. ಒಂದು ಅಂಚು ಕತ್ತಿ ಮಸೆದು ಮಸೆದು ನುಣ್ಣಗಾಗಿತ್ತು. ನೀರು ಹಾಕಿ ತೊಳೆದು, ಒಣಗಿಸಿ, ಹಿಟ್ಟು ಸವರಿದೆ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರಗಳು ಬೆಳ್ಳಗೆ ಒಂದೊಂದೇ ಎದ್ದು ಬಂದವು. ಪುಸ್ತಕದಲ್ಲಿ ನೂರು ಸಲ ಓದಿದ ಸಾಲು. ಆದರೂ ಕೈ ನಡುಗಿತು. ಕೆಳಗಿನ ಸಾಲಿನ ಚಿತ್ರ ತೋರಿಸಿದೆ: ಬಿಲ್ಲು ಹಿಡಿದವನು, ಮುಂದೆ ದನ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ಪಕ್ಕದಲ್ಲಿ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ‘ತುಱುವಂ ಮಗುಳ್ಚಿ’ ಅಂತ ಓದಿದೆ. ತುರು ಅಂದರೆ ದನ. ಊರಿನ ದನ ಹೊಡೆದುಕೊಂಡು ಹೋದವರನ್ನು ತಡೆದು, ದನ ವಾಪಸ್ ತಂದು, ಇಲ್ಲೇ ಸತ್ತ. ಅವನ ಅಣ್ಣ ಈ ಕಲ್ಲು ನಿಲ್ಲಿಸಿದ.

ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಯಾರೂ ಮಾತಾಡಲಿಲ್ಲ. ಒಬ್ಬ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅತ್ತೆ ಮಾತ್ರ ಕೇಳಿದರು: “ಹೆತ್ತವಳ ಹೆಸರು ಇಲ್ವಾ?”

ಇರಲಿಲ್ಲ. ನನ್ನ ಪ್ರಬಂಧದಲ್ಲಿ ಅರಸರ ಪಟ್ಟಿ ಇದೆ, ಕಾಳಗಗಳ ಪಟ್ಟಿ ಇದೆ. ಕಲ್ಲು ನಿಲ್ಲಿಸಿದ ತಾಯಂದಿರು, ಹೆಂಡತಿಯರು ಎಷ್ಟು ಜನ ಅಂತ ನಾನು ಎಣಿಸಿಯೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಮಳೆಗಾಲ ಬಿಟ್ಟರೆ ಎರಡು ವಾರಕ್ಕೊಂದು ಭಾನುವಾರ, ಬಿ.ಎ. ಓದುವ ಏಳೆಂಟು ಮಕ್ಕಳ ಜೊತೆ ಒಂದು ಊರಿಗೆ ಹೋಗುತ್ತೇವೆ. ಹೆಚ್ಚಿನವರು ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕಲ್ಲು ತೊಳೆಯುತ್ತೇವೆ, ಓದುತ್ತೇವೆ, ಊರಿನವರನ್ನು ಕರೆದು ಓದಿ ಹೇಳುತ್ತೇವೆ. ಹೇಳದೆ ಬರಬಾರದು, ಅದೊಂದೇ ನಿಯಮ. ಇದುವರೆಗೆ 23 ಊರು. ಪುಸ್ತಕಕ್ಕೆ ಸೇರದ ಕಲ್ಲುಗಳೂ ಸಿಕ್ಕಿವೆ. ನಾಲ್ಕು ಗಂಟೆಗೆ ಈಗಲೂ ಎಚ್ಚರವಾಗುತ್ತದೆ. ಫೋಟೊಗಳನ್ನು ತೆರೆದು ಹಿಂದಿನ ವಾರ ಬಿಟ್ಟುಹೋದ ಅಕ್ಷರ ಹುಡುಕುತ್ತೇನೆ.

ಸವೆದ ಅಕ್ಷರದ ಫೋಟೊ ಕಳಿಸಿದರೆ ಎಷ್ಟು ಹೊತ್ತಾದರೂ ಉತ್ತರ ಕೊಡುವ ನಿವೃತ್ತ ಮೇಷ್ಟ್ರಿಗೆ, ಬಾಡಿಗೆ ಬೇಡ ಅಂದು ಪೆಟ್ರೋಲ್ ದುಡ್ಡು ಮಾತ್ರ ತೆಗೆದುಕೊಳ್ಳುವ ಓಮ್ನಿ ಅಣ್ಣನಿಗೆ, ಬಿಸಿಲು ಅನ್ನದೆ ಬರುವ ನನ್ನ ಮಕ್ಕಳಿಗೆ ತುಂಬಾ ಥ್ಯಾಂಕ್ಸ್. ಫೋನು ಎತ್ತದಿದ್ದರೂ ಬಿಡದೆ ಮಾಡಿದವರಿಗೂ.

ಕಳೆದ ತಿಂಗಳು ಒಂದು ಊರಿನಲ್ಲಿ, ದನದ ಕೊಟ್ಟಿಗೆ ಹಿಂದೆ ಮಣ್ಣಿನಲ್ಲಿ ಅರ್ಧ ಹುಗಿದಿದ್ದ ಕಲ್ಲು ಸಿಕ್ಕಿತು. ಕೊನೆಯ ಸಾಲು ಓದಿದ ಹುಡುಗಿ ನನ್ನ ಮುಖ ನೋಡಿದಳು. ಮಗನಿಗಾಗಿ ತಾಯಿ ನಿಲ್ಲಿಸಿದ ಕಲ್ಲು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ.

“ಹೆಸರು ಇದೆಯಾ?” ಅಂದರು.

“ಇದೆ ಅತ್ತೆ.” ಓದಿ ಹೇಳಿದೆ. ಇನ್ನೊಂದು ಸಲ ಹೇಳು ಅಂದರು. ಹೇಳಿದೆ.

ಈ ಭಾನುವಾರ ಅವರನ್ನು ಕರೆದುಕೊಂಡು ಆ ಊರಿಗೆ ಹೋಗುತ್ತಿದ್ದೇನೆ. ತಂತಿ ಬ್ರಷ್ಷು ತಾಗಿಸಿದರೆ ಅಕ್ಷರ ಸವೆಯುತ್ತದೆ ಅಂತ ಯಾವಾಗಲೋ ಹೇಳಿದ್ದೆ. ನಿನ್ನೆ ಮಧ್ಯಾಹ್ನವೆಲ್ಲ ಕೂತು ತೆಂಗಿನ ನಾರು ಬಡಿದು, ಕಟ್ಟಿ, ಎರಡು ಬ್ರಷ್ಷು ಮಾಡಿಟ್ಟಿದ್ದಾರೆ. ಒಂದು ಅವರಿಗೆ, ಒಂದು ನನಗೆ.